ಸೈಕಲ್ ಗೇರಿಗೆ ಕುಂಕುಮ

ಹೊಳೆಯ ನೀರಿನ ಮೇಲೆ ಸೈಕಲ್ ತುಳಿದುಕೊಂಡು ಆಚೆ ದಡ ಸೇರಿದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ. ಚಕ್ರಕ್ಕೆ ಒಂದು ಹನಿ ನೀರು ತಾಗಲಿಲ್ಲ. ಮೀನುಗಳು ತಲೆಯೆತ್ತಿ ನೋಡಿದವು. ದಡದಲ್ಲಿ ಕೂತಿದ್ದ ಗುರುಗಳು ನನಗೆ ಕೈ ಮುಗಿದರು.

ಸುಳ್ಳು. ನನಗೆ ಸೈಕಲ್ ಹೊಡೆಯಲು ಬರುವುದೇ ಇಲ್ಲ. ಗುರುಗಳು ಕೈ ಮುಗಿದದ್ದು ಮಾತ್ರ ನಿಜ, ಆದರೆ ಅದು ನಾನು ಮಾತು ನಿಲ್ಲಿಸಲಿ ಎಂದು.

ಅವರ ಕಥೆಯನ್ನೇ ಹೇಳುತ್ತೇನೆ. ಇದರಲ್ಲಿ ಸುಳ್ಳು ಕಡಿಮೆ.

ಹೊಳೆಯ ದಂಡೆ. ಹಿಂದೆ ಕೆಂಪು ಕಲ್ಲಿನ ಗುಡ್ಡ. ನಡುವೆ ಒಂದು ಮಠ. ಮಠ ಎಂದರೆ ದೊಡ್ಡದೇನೂ ಅಲ್ಲ. ಒಂದು ಪಡಸಾಲೆ, ಒಂದು ಬೇವಿನ ಮರ, ಒಂದು ಒಲೆ.

ಆ ಒಲೆಯನ್ನು ಯಾರು ಹೊತ್ತಿಸಿದರೋ ಯಾರಿಗೂ ಗೊತ್ತಿಲ್ಲ. ಅದು ಆರಿದ್ದನ್ನು ಕಂಡವರಿಲ್ಲ. ಬೆಳಿಗ್ಗೆ ಬೂದಿ ಸರಿಸಿದರೆ ಒಳಗೆ ಕೆಂಡ ಮೆಲ್ಲಗೆ ಕಣ್ಣು ಬಿಡುತ್ತಿತ್ತು.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಶಿಷ್ಯ ಒಬ್ಬನೇ, ಮಳಿಯಪ್ಪ. ಮೂವತ್ತು ದಾಟಿದವನು. ಕಾಲು ಗಟ್ಟಿ, ಭಕ್ತಿ ಇನ್ನೂ ಗಟ್ಟಿ. ಅಜ್ಜಾರು ಸೀನಿದರೂ ಕೈ ಮುಗಿಯುವ ಪೈಕಿ.

ಗುಡ್ಡದ ತುದಿಯಲ್ಲಿ, ಮುಂದಕ್ಕೆ ಚಾಚಿದ ಒಂದು ಬಂಡೆಯ ಕೆಳಗೆ, ನೀಲವ್ವ ಇದ್ದಳು. ಅಜ್ಜಾರಿಗೆ ಮೊದಲ ಪಾಠ ಹೇಳಿದವಳು. ವಯಸ್ಸು ಕೇಳಿದರೆ ಬಂಡೆಯನ್ನು ತಟ್ಟಿ, "ಇದಕ್ಕಿಂತ ಸಣ್ಣಾಕಿ," ಎನ್ನುತ್ತಿದ್ದಳು.

ಆಕೆಯ ನೇಮ ಇಷ್ಟು. ಗುಡ್ಡ ಇಳಿಯುವುದಿಲ್ಲ. ಮಠದ ಒಲೆಯಲ್ಲಿ ಕಾಯಿಸಿದ ಅಂಬಲಿ ಬಿಟ್ಟು ಬೇರೇನೂ ಕುಡಿಯುವುದಿಲ್ಲ. ಅದೂ ಬಿಸಿಯಾಗಿಯೇ ಬರಬೇಕು. ಆರಿದರೆ ಅಂಬಲಿ ಕಾಗೆಗೆ, ಆಕೆಗೆ ಉಪವಾಸ.

ಹಿಂದೆ ಮಠದಲ್ಲಿ ಶಿಷ್ಯರು ಬಹಳ ಇದ್ದರಂತೆ. ಗುಡ್ಡದ ದಾರಿಯುದ್ದಕ್ಕೂ ನಿಂತು ಅಂಬಲಿಯ ಗಡಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಗಡಿಗೆ ಗುಡ್ಡ ಹತ್ತುತ್ತಿತ್ತು. ಮನುಷ್ಯರು ನಿಂತಲ್ಲೇ ನಿಂತಿರುತ್ತಿದ್ದರು.

ಬರಬರುತ್ತ ಒಬ್ಬೊಬ್ಬರಾಗಿ ಹೊರಟುಹೋದರು. ಉಳಿದದ್ದು ಮಳಿಯಪ್ಪ ಮತ್ತು ಒಂದು ಸೈಕಲ್.

ಆ ಸೈಕಲ್ ಬಂದದ್ದು ಹೀಗೆ. ದಪ್ಪ ಟೈರು, ಸಾಲು ಗೇರು, ಗುಡ್ಡ ಹತ್ತಲೆಂದೇ ಮಾಡಿದ ಸೈಕಲ್. ಊರೂರು ಸುತ್ತುವ ಒಬ್ಬಾತ ಅದರ ಮೇಲೆ ಬಂದ. ಒಂದು ಮಧ್ಯಾಹ್ನವೆಲ್ಲ ಅಜ್ಜಾರ ಜೊತೆ ಕೂತು ಮಾತಾಡಿದ. ಸಂಜೆ ಎದ್ದು ನಡೆದುಕೊಂಡು ಹೋದ.

"ಅಜ್ಜಾರ, ಅಂವ ಸೈಕಲ್ ಮರ್ತು ಹೋದಾನ್ರೀ!" ಎಂದು ಮಳಿಯಪ್ಪ ಓಡಿ ಬಂದ.

"ಮರ್ತಿಲ್ಲೋ. ಏನೋ ನೆನಪಾಗಿ ಇಳದಾನ."

ಅವರಿಬ್ಬರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ನಾನೂ ಸುಮ್ಮನೆ ನಡೆದು ಹೋಗುತ್ತಿದ್ದೆ. ಹೀಗೆ ಚಹಾದಂಗಡಿಯಲ್ಲಿ ನಿಮ್ಮ ಮುಂದೆ ಕೂತು ಹರಟುತ್ತಿರಲಿಲ್ಲ.

ಅಂದಿನಿಂದ ಮಳಿಯಪ್ಪ ಸೈಕಲ್ ಮೇಲೆ ಅಂಬಲಿ ಒಯ್ಯತೊಡಗಿದ.

ಬಲಗೈ ಹಿಡಿಕೆಯ ಕೆಳಗೆ ಗೇರ್ ಬದಲಿಸುವ ಒಂದು ಸಣ್ಣ ಲಿವರ್ ಇತ್ತು. ಹೆಬ್ಬೆರಳಿನಿಂದ ಒತ್ತಿದರೆ 'ಕಟ್' ಎನ್ನುತ್ತಿತ್ತು. ಹಿಂದಿನ ಗಾಲಿಯಲ್ಲಿ ಚೈನು ಸಣ್ಣ ಹಲ್ಲುಚಕ್ರ ಬಿಟ್ಟು ದೊಡ್ಡದಕ್ಕೆ ಏರುತ್ತಿತ್ತು. ಪೆಡಲ್ ಹಗುರಾಗುತ್ತಿತ್ತು.

ಮಳಿಯಪ್ಪನಿಗೆ ಹಾಗನ್ನಿಸುತ್ತಿರಲಿಲ್ಲ. ಗುಡ್ಡವೇ ತುಸು ತಲೆ ಬಗ್ಗಿಸಿತು ಅನ್ನಿಸುತ್ತಿತ್ತು.

ಬೆಳಗಿನ ಹೊತ್ತು ಹೊಳೆಯ ಮಂಜು ಎದ್ದು ಗುಡ್ಡಕ್ಕೆ ಹತ್ತಿಕೊಳ್ಳುತ್ತಿತ್ತು. ದಾರಿ ಕಾಣುತ್ತಿರಲಿಲ್ಲ. ತನ್ನ ಕೈ ತನಗೆ ಕಾಣುತ್ತಿರಲಿಲ್ಲ. ಕಟ್ ಎಂಬ ಸದ್ದು, ಒಂದು ತಿರುವು. ಮತ್ತೆ ಕಟ್, ಮತ್ತೊಂದು ತಿರುವು. ಬೆನ್ನಿಗೆ ಕಟ್ಟಿಕೊಂಡ ಗಡಿಗೆಯ ಬಿಸಿ ಮಾತ್ರ ತಾನಿನ್ನೂ ಇದ್ದೇನೆ ಎಂದು ಹೇಳುತ್ತಿತ್ತು. ತಾನು ಹತ್ತುತ್ತಿದ್ದೇನೋ, ನಿದ್ದೆಯಲ್ಲಿ ತೇಲುತ್ತಿದ್ದೇನೋ ಅವನಿಗೇ ತಿಳಿಯುತ್ತಿರಲಿಲ್ಲ. ಆಮೇಲೆ ಮಂಜು ಮುಗಿದು ಬಿಸಿಲು. ಬಿಸಿಲಲ್ಲಿ ನೀಲವ್ವ.

"ಬಂದೇನೋ ತಮ್ಮಾ," ಎಂದು ಆಕೆ ಎರಡೂ ಕೈಯಲ್ಲಿ ಗಡಿಗೆ ಹಿಡಿಯುತ್ತಿದ್ದಳು. ಹಿಡಿದು ತುಸು ಹೊತ್ತು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಕುಡಿಯುತ್ತಿದ್ದಳು.

ಇಂಥ ಲಿವರಿಗೆ ಪೂಜೆ ಮಾಡದಿದ್ದರೆ ಹೇಗೆ?

ಉಳಿದವರು ಆಯುಧಪೂಜೆಗೆ ಒಮ್ಮೆ ಸೈಕಲ್ ತೊಳೆದು ಹೂ ಏರಿಸುತ್ತಾರೆ. ಮಳಿಯಪ್ಪನಿಗೆ ದಿನವೂ ಹಬ್ಬ. ಹೊರಡುವ ಮೊದಲು ಲಿವರಿಗೆ ಒಂದು ಬೊಟ್ಟು ಗಂಧ. ಅದರ ಮೇಲೆ ಕುಂಕುಮ. ಚಿಟಿಕೆ ವಿಭೂತಿ. ಕೊನೆಗೆ ದೀಪದಿಂದ ಒಂದು ತೊಟ್ಟು ಎಣ್ಣೆ.

ಅಜ್ಜಾರು ಒಂದು ದಿನ ಕೇಳಿದರು. "ಅದು ಇದನ್ನೆಲ್ಲಾ ಬೇಡ್ತೈತೇನೋ?"

"ದೇವರು ಎಲ್ಲಿ ಬೇಡ್ತಾನ್ರೀ ಅಜ್ಜಾರ? ನಾವ ಕೊಡಬೇಕು."

"ಹಂಗೇನು," ಎಂದು ಅಜ್ಜಾರು ಹೊಳೆಯ ಕಡೆ ತಿರುಗಿ ಕೂತರು.

ಒಂದು ಬೆಳಿಗ್ಗೆ, ಮಂಜಿನ ನಡುವೆ, ಮಳಿಯಪ್ಪ ಲಿವರ್ ಒತ್ತಿದ. ಕಟ್ ಎನ್ನಲಿಲ್ಲ.

ಮತ್ತೆ ಒತ್ತಿದ. ಲಿವರ್ ಹಿಡಿತವಿಲ್ಲದೆ ಸತ್ತ ಹಕ್ಕಿಯ ಕತ್ತಿನ ಹಾಗೆ ಆಚೀಚೆ ಆಡಿತು. ಚೈನು ಸರಕ್ಕನೆ ಜಾರಿ ಎಲ್ಲಕ್ಕಿಂತ ಸಣ್ಣ ಚಕ್ರದ ಮೇಲೆ ಬಿತ್ತು. ಪೆಡಲ್ ಕಲ್ಲಾಯಿತು.

ಗುಡ್ಡ ತಲೆ ಎತ್ತಿತು.

ಅವನು ಇಳಿದು ಸೈಕಲ್ ನೂಕಿದ. ನೂಕುತ್ತ ಓಡಿದ. ಕಡಿದಾದ ತಿರುವುಗಳಲ್ಲಿ ಸೈಕಲ್ ಅವನನ್ನು ಹಿಂದಕ್ಕೆ ಎಳೆಯಿತು. ಅದನ್ನು ಅಲ್ಲೇ ಬಿಟ್ಟು ಓಡೋಣವೆಂದರೆ, ದೇವರನ್ನು ದಾರಿಯಲ್ಲಿ ಬಿಟ್ಟು ಹೋಗುವುದು ಹೇಗೆ? ಬೆನ್ನಿನ ಬಿಸಿ ಕಡಿಮೆಯಾಗುತ್ತ ಬಂತು.

ಮೇಲೆ ಮುಟ್ಟಿದಾಗ ಬೆನ್ನಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ನೀಲವ್ವ ಗಡಿಗೆ ಹಿಡಿದಳು. ನಕ್ಕಳು.

"ಕಾಗಿಗೆ ಇವತ್ತ ಹಬ್ಬ ನೋಡು."

"ಆಯಿ, ನನ್ನಿಂದ ತಪ್ಪಾತು. ಗೇರ್ ಕೈ ಕೊಡ್ತು. ಒಂದು ದಿನದ ಮಟ್ಟಿಗೆ ಕುಡೀರಿ."

"ನಿನಗ ಗೇರ್ ಐತಿ, ನನಗ ನೇಮ ಐತಿ. ಹೋಗು, ಬಿಸಿಲಾಗತೈತಿ."

ಮಳಿಯಪ್ಪ ಇಳಿದು ಬಂದು ಹೊಳೆಯಂಚಲ್ಲಿ ಕೂತಿದ್ದ ಅಜ್ಜಾರ ಪಾದದ ಮೇಲೆ ಬಿದ್ದ.

"ಏನಾತೋ?"

"ಗೇರ್ ಸತ್ತೈತ್ರೀ ಅಜ್ಜಾರ. ಆಯಿ ಉಪಾಸ."

"ಕಾಲು ಬಿಡು. ಕಾಲಾಗ ಗೇರ್ ಇಲ್ಲ."

ಮಳಿಯಪ್ಪ ಎದ್ದು ನಿಂತ. ಕಣ್ಣು ಒರೆಸಿಕೊಂಡ.

"ರಿಪೇರಿ ಮಾಡ್ತೀಯೋ, ಹೊಸಾದು ತರ್ತೀಯೋ?" ಎಂದರು ಅಜ್ಜಾರು.

"ನೀವು ಹೇಳಿದಂಗ್ರೀ."

"ನಾ ಹೇಳಿದಂಗ ಆಗೂದಿದ್ರ ಈ ಹೊಳಿಯಾಗ ಮಜ್ಜಿಗಿ ಹರೀತಿತ್ತು. ನೀ ಏನಂತಿ?"

"ನೀವೇನಂತೀರೋ ನಾನೂ ಅದನ್ನ ಅಂತೇನ್ರೀ."

ಅಜ್ಜಾರು ನೀರಿಗೆ ಬಗ್ಗಿ ಮೀನುಗಳಿಗೆ ಹೇಳಿದರು. "ಕೇಳಿದ್ರೇನ್ರೆಪಾ? ನಾ ಒಬ್ಬಾವ ಇದ್ದದ್ದು ಸಾಲದಂತ ಇನ್ನೊಬ್ಬ ನಾನು ಬಂದು ನಿಂತಾನ."

ಮೀನು ನಕ್ಕವು ಎಂದು ಹೇಳಲು ನನಗೆ ಬಹಳ ಆಸೆ. ನಗಲಿಲ್ಲ. ಗುಳ್ಳೆ ಬಿಟ್ಟವು.

ಮಳಿಯಪ್ಪ ಲಿವರನ್ನು ನೋಡಿದ. ಅದರ ಕೆಳಗೊಂದು ಮುಚ್ಚಳವಿತ್ತು, ಮುಚ್ಚಳಕ್ಕೊಂದು ಸ್ಕ್ರೂ. ಬಿಚ್ಚಿದರೆ ಒಳಗೆ ಏನಾಗಿದೆ ತಿಳಿಯಬಹುದಿತ್ತು.

"ಬಿಚ್ಚೂದು ಸರಿ ಅಲ್ರೀ ಅಜ್ಜಾರ. ದಿನಾ ಪೂಜಿ ಮಾಡಿದ್ದು. ದೇವರ ಹೊಟ್ಟಿ ಬಗದು ನೋಡೂದೇನ್ರೀ?"

"ಹಂಗಾದ್ರ ಹೊಸಾ ದೇವರನ್ನ ತಾ."

ಅವನು ಹರಿಗೋಲಿನಲ್ಲಿ ಕೂತು ಆಚೆ ದಡದ ಪೇಟೆಗೆ ಹೋದ. ಹರಿಗೋಲು ಗಿರ್ರನೆ ತಿರುಗುತ್ತ ಹೋಯಿತು. ಅವನ ಕಣ್ಣೆದುರು ಒಮ್ಮೆ ಪೇಟೆ, ಒಮ್ಮೆ ಗುಡ್ಡ. ಒಮ್ಮೆ ಅಂಗಡಿಗಳ ತಗಡು, ಒಮ್ಮೆ ಬಂಡೆಯ ಕೆಳಗಿನ ಸಣ್ಣ ಬಿಳಿ ಚುಕ್ಕೆ. ಅದು ನೀಲವ್ವನ ಸೀರೆಯೋ, ಕೂತ ಕೊಕ್ಕರೆಯೋ ಅವನಿಗೆ ತಿಳಿಯಲಿಲ್ಲ.

ಪೇಟೆಯ ಸೈಕಲ್ ಅಂಗಡಿಯವನ ಬಾಯಿ ಜೇನು.

"ಬರ್ರಿ ಬರ್ರಿ ಸ್ವಾಮ್ಯಾರ. ಏನು ಬೇಕು?"

"ಇಂಥಾ ಗೇರ್ ಲಿವರ್ ಬೇಕಾಗಿತ್ರೀ. ಹಿಂದಿನ ಗಾಲ್ಯಾಗ ಏಳು ಹಲ್ಲುಚಕ್ರ ಅದಾವು. ಇದರಾಗೂ ಏಳು ಮೆಟ್ಟಲ."

"ಏಳು ಈಗ ನನ್ನ ಹಂತ್ಯಾಕ ಇಲ್ರೀ. ಎಂಟರದ್ದು ತಗೋರಿ. ಒಂದು ಹೆಚ್ಚಾತು! ಯಾರರ ಹೆಚ್ಚಿಗಿ ಬ್ಯಾಡ ಅಂತಾರೇನು?"

ಮಳಿಯಪ್ಪ ತಲೆ ಕೆರೆದುಕೊಂಡ. ಬೇಡ ಎನ್ನಲು ಅವನಿಗೆ ಬರುತ್ತಿರಲಿಲ್ಲ.

"ಮತ್ತ ಆ ಕುಂತಾರಲ್ಲ ಗುಡ್ಡದ ಆಯಿ, ಅವರಿಗೆ ಬಿಸಿ ಅಂಬಲಿ ಅಲ್ರೀ? ಈ ಫ್ಲಾಸ್ಕ್ ನೋಡ್ರಿ. ಇವತ್ತ ಮುಚ್ಚಿದ್ರ ನಾಳೆ ಬಾಯಿ ಸುಡತೈತಿ."

ಮಳಿಯಪ್ಪ ಎರಡನ್ನೂ ಕಣ್ಣಿಗೆ ಒತ್ತಿಕೊಂಡು ತಂದ.

ಸಂಜೆಯ ಬೆಳಕಲ್ಲಿ ಹಳೆಯ ಲಿವರ್ ತೆಗೆದು ಹೊಸದನ್ನು ಕೂರಿಸಿದ. ಕೇಬಲ್ ಎಳೆದು ಬಿಗಿದ. ಒತ್ತಿದರೆ ಕಟ್ ಕಟ್ ಎಂದು ಚೆನ್ನಾಗಿಯೇ ಸದ್ದು ಬಂತು. ಹೊಸದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟ. 

ಮರುದಿನ ಅಂಬಲಿಯನ್ನು ಫ್ಲಾಸ್ಕಿಗೆ ಸುರಿದುಕೊಂಡು ಹೊರಟ.

ಮೊದಲ ತಿರುವಿನಲ್ಲಿ ಒತ್ತಿದ. ಸದ್ದು ಬಂತು. ಚೈನು ಏರಿತು. ಎರಡನೆಯದರಲ್ಲಿ ಒತ್ತಿದ. ಸದ್ದು ಬಂತು. ಚೈನು ಎರಡು ಚಕ್ರಗಳ ನಡುವೆ ನಿಂತು ಕರಕರ ಎಂದು ಹಲ್ಲು ಕಡಿಯಿತು. ಇನ್ನೊಮ್ಮೆ ಒತ್ತಿದರೆ ಒಂದು ಚಕ್ರ ದಾಟಿ ಹಾರಿತು. ಕೆಳಗೆ ಬಿಟ್ಟರೆ ಕಳಚಿ ಬಿತ್ತು.

ಸದ್ದು ಸರಿ ಇತ್ತು. ಹೆಜ್ಜೆ ಸರಿ ಇರಲಿಲ್ಲ. ಒಳಗೆ ಎಂಟಕ್ಕೆ ಅಳೆದ ಹೆಜ್ಜೆ, ಹೊರಗೆ ಏಳಕ್ಕೆ ಅಳೆದ ಚಕ್ರ.

ಮತ್ತೆ ನೂಕಿದ. ಆದರೆ ಇವತ್ತು ಅವನಿಗೆ ಹೆದರಿಕೆ ಇರಲಿಲ್ಲ. ಫ್ಲಾಸ್ಕ್ ಇತ್ತು.

ನೀಲವ್ವ ಬಂಡೆಗೆ ಒರಗಿ ಕೂತಿದ್ದಳು. ನಿನ್ನೆಯ ಹಾಗೆ ಎದ್ದು ಬರಲಿಲ್ಲ. ಮಳಿಯಪ್ಪ ಮುಚ್ಚಳ ತೆರೆದ. ಹಬೆ ಎದ್ದಿತು.

"ನೋಡ್ರಿ ಆಯಿ, ಸುಡಾಕತ್ತೈತಿ!"

ಆಕೆ ಕೈ ಚಾಚಿ ಫ್ಲಾಸ್ಕನ್ನು ಹೊರಗಿನಿಂದ ಹಿಡಿದಳು. ಹಿಡಿದೇ ಇದ್ದಳು. ಹುಬ್ಬು ಗಂಟಾಯಿತು.

"ತಣ್ಣಗ ಐತಲ್ಲೋ."

"ಒಳಗ ಬಿಸಿ ಐತ್ರೀ."

"ಒಳಗ ಇದ್ರ ನನಗೇನು? ಒಲಿ ಬಂದೈತಿ ಅಂತ ನನ್ನ ಕೈಗೆ ಗೊತ್ತಾಗಬೇಕಪಾ. ಬಿಸಿ ನಾ ಕೇಳಿದ್ದು ನಾಲಿಗಿಗೆ ಅಲ್ಲ."

"ಆಯಿ..."

"ಸೆರಿಮನ್ಯಾಗ ಇಟ್ಟ ಬಿಸಿ ಇದು. ಒಯ್ಯಿ."

ಆಕೆಯ ದನಿ ಸಣ್ಣಗಾಗಿತ್ತು. ಕೈ ಕೆಳಗಿಟ್ಟಾಗ ಬೆರಳು ನಡುಗಿದವು. ಮಳಿಯಪ್ಪ ಅದನ್ನು ಕಂಡ. ಕಂಡದ್ದು ದಾರಿಯುದ್ದಕ್ಕೂ ಅವನ ಜೊತೆ ಇಳಿದು ಬಂತು.

ತನ್ನ ಕಾಲದಲ್ಲಿ, ತನ್ನ ಕೈಯಲ್ಲಿ, ನೀಲವ್ವ ಹಸಿದು ಹೋಗುತ್ತಾಳೆ. ಬೇರೆ ಏನೂ ಅವನಿಗೆ ಹೊಳೆಯಲಿಲ್ಲ.

ಮಠಕ್ಕೆ ಬಂದಾಗ ಅಜ್ಜಾರ ತಾಟು ಬೋರಲಾಗಿತ್ತು. ನಿನ್ನೆಯೂ ಬೋರಲಾಗಿಯೇ ಇತ್ತು ಎಂದು ಈಗ ನೆನಪಾಯಿತು.

"ನೀವು ಉಂಡಿಲ್ರೀ ಅಜ್ಜಾರ?"

"ಮ್ಯಾಲಿನವರು ಉಂಡಿಲ್ಲಲ್ಲೋ."

ಮಳಿಯಪ್ಪ ಪಾದಕ್ಕೆ ಬಗ್ಗಿದ. ಅಜ್ಜಾರು ಕಾಲು ಹಿಂದಕ್ಕೆ ಎಳೆದುಕೊಂಡರು. ನೆಲದ ಮೇಲೆ ಹಣೆ ತಾಗಿ ಠಪ್ ಎಂದಿತು.

"ಹೊಸಾ ದೇವರು ಏನಂದ?"

"ಒಂದು ಹೆಚ್ಚಿಗಿ ಕೊಟ್ಟಾನ್ರೀ."

"ಚಲೋ ಆತಲ್ಲ."

"ಆ ಒಂದರ ಸಲುವಾಗಿ ಏಳೂ ಕೆಟ್ಟಾವ್ರೀ."

ಅಜ್ಜಾರು ಪಡಸಾಲೆಯ ಮೂಲೆಯಿಂದ ಹಳೆಯ ಲಿವರ್ ಎತ್ತಿಕೊಂಡು ಬಂದು ಅವನ ಮುಂದಿಟ್ಟರು. ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಇಟ್ಟರು. ಹಳೆಯ ಚಿಮಣಿ ಬುಡ್ಡಿಯಲ್ಲಿ ಉಳಿದಿದ್ದ ಸೀಮೆಎಣ್ಣೆಯನ್ನು ಬಟ್ಟಲಿಗೆ ಬಸಿದು ಅದನ್ನೂ ಇಟ್ಟರು. ತಾವು ಬೇವಿನ ನೆರಳಲ್ಲಿ ಮಲಗಿದರು.

ಮಳಿಯಪ್ಪ ಸ್ಕ್ರೂಡ್ರೈವರ್ ಹಿಡಿದು ಬಹಳ ಹೊತ್ತು ಕೂತ. ಹೊಳೆ ಹರಿಯಿತು. ಬೇವಿನ ಎಲೆಯ ನೆರಳು ಅವನ ಕೈಮೇಲೆ ಈಜಿತು. ಎರಡು ಸಲ ಸ್ಕ್ರೂವಿನ ಹತ್ತಿರ ಹೋಗಿ ವಾಪಸ್ ಬಂದ. ಆಮೇಲೆ ನಡುಗುವ ಬೆರಳುಗಳು ಕಣ್ಣ ಮುಂದೆ ಬಂದವು.

ತಿರುಗಿಸಿದ. ಮುಚ್ಚಳ ಕಳಚಿತು.

"ಏನು ಕಾಣತೈತಿ?" ಅಜ್ಜಾರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಕುಂಕುಮ."

"ಮತ್ತ?"

"ಗಂಧ. ಈಬತ್ತಿ. ಎಣ್ಣಿ. ಎಲ್ಲಾ ಕೂಡಿ ಕಲ್ಲಾಗೈತ್ರೀ."

"ಅದರ ಕೆಳಗ?"

ಮಳಿಯಪ್ಪ ಸೀಮೆಎಣ್ಣೆಯಲ್ಲಿ ಬಟ್ಟೆಯ ತುದಿ ಅದ್ದಿ ಒರೆಸಿದ. ಉಗುರಿಗಿಂತ ಸಣ್ಣ ಒಂದು ಕೊಕ್ಕೆ ಕಂಡಿತು. ಒಳಗಿನ ಹಲ್ಲನ್ನು ಕಚ್ಚಿ ಹಿಡಿಯಬೇಕಾದದ್ದು. ಅಂಟಿನಲ್ಲಿ ಸಿಕ್ಕಿ ಮಲಗಿಬಿಟ್ಟಿತ್ತು.

"ಮುರದಿಲ್ರೀ ಅಜ್ಜಾರ! ಏನೂ ಮುರದಿಲ್ಲ. ಏಳಾಕ ಆಗವಲ್ದು ಅಷ್ಟ."

"ಯಾರು ಮಲಗಿಸಿದ್ರು?"

ಮಳಿಯಪ್ಪ ಬಟ್ಟೆಯ ಕೆಂಪಾದ ತುದಿಯನ್ನು ನೋಡಿದ.

"ನಾನ."

"ಸಿಟ್ಟಿಲೇನು?"

"ಪ್ರೀತಿಲೆ."

"ಅದಕ್ಕ ಅದು ಪ್ರೀತಿ ಅಂತ ಗೊತ್ತಾಗಲಿಲ್ಲೇನೋ?"

"ಉಸರ ಕಟ್ಟಿರಬೇಕ್ರೀ."

ಅಜ್ಜಾರು ಮಗ್ಗುಲಾದರು. "ತೊಳಿ ಮತ್ತ. ನನ್ನ ನಿದ್ದಿ ಕೆಡಸಬ್ಯಾಡ."

ಮಳಿಯಪ್ಪ ತೊಳೆದ. ಬಟ್ಟಲಿನ ಎಣ್ಣೆ ಕೆಂಪಾಯಿತು. ಒತ್ತಿದ, ಬಿಟ್ಟ. ತೊಳೆದ. ಒತ್ತಿದ, ಬಿಟ್ಟ. ಕೊಕ್ಕೆ ಕದಲಲಿಲ್ಲ. ಮಧ್ಯಾಹ್ನ ಕರಗಿ ಹೊಳೆಯೊಳಗೆ ಇಳಿಯಿತು. ಮಲಗಿದ್ದ ಅಜ್ಜಾರ ಉಸಿರಿಗೂ ನೀರಿನ ಸದ್ದಿಗೂ ವ್ಯತ್ಯಾಸ ತಿಳಿಯದ ಹಾಗಾಯಿತು. ಮಳಿಯಪ್ಪನ ಹೆಬ್ಬೆರಳು ಮಾತ್ರ ಎಚ್ಚರವಾಗಿತ್ತು. ಒತ್ತುತ್ತಿತ್ತು, ಬಿಡುತ್ತಿತ್ತು.

ಕಟ್.

ಆಚೆ ದಡದ ಕೊಕ್ಕರೆ ತಲೆ ತಿರುಗಿಸಿ ನೋಡಿತು. ಇದು ಸುಳ್ಳಲ್ಲ. ಬೇಕಾದರೆ ಕೊಕ್ಕರೆಯನ್ನೇ ಕೇಳಿ.

ಮಳಿಯಪ್ಪ ಹೊಸದನ್ನು ಕಳಚಿ ಹಳೆಯದನ್ನು ಅದರ ಜಾಗಕ್ಕೆ ಕೂರಿಸಿದ. ಕೇಬಲ್ ಪೋಣಿಸಿ ಬಿಗಿದ. ಹಿಂದಿನ ಗಾಲಿ ಎತ್ತಿ ಹಿಡಿದು ಪೆಡಲ್ ತಿರುಗಿಸಿದ. ಚೈನು ಏಳೂ ಮೆಟ್ಟಿಲು ಹತ್ತಿತು, ಏಳೂ ಇಳಿಯಿತು.

ಮರುದಿನ ಬೆಳಿಗ್ಗೆ ಗಡಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಸೈಕಲ್ ಮುಂದೆ ನಿಂತ. ಅಭ್ಯಾಸ ನೋಡಿ. ಬಲಗೈ ತಾನಾಗಿ ಕುಂಕುಮದ ಭರಣಿಗೆ ಹೋಯಿತು. ಬೆರಳು ಕೆಂಪಾಯಿತು. ಲಿವರಿನ ಹತ್ತಿರ ಬಂದು ಗಾಳಿಯಲ್ಲಿ ನಿಂತಿತು.

ಅಜ್ಜಾರು ಪಡಸಾಲೆಯಿಂದ ನೋಡುತ್ತಿದ್ದರು.

"ಹಚ್ಚಲೇನ್ರೀ, ಬ್ಯಾಡೇನ್ರೀ?"

"ನನ್ನನ್ಯಾಕ ಕೇಳ್ತಿ? ಅದನ್ನ ಕೇಳು."

"ಅದನ್ನ ಹೆಂಗ ಕೇಳೂದ್ರೀ?"

"ಒತ್ತಿ."

ಮಳಿಯಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಒತ್ತಿದ. ಅದು ಉತ್ತರ ಕೊಟ್ಟಿತು. ಅವನು ಹತ್ತಿ ಹೊರಟ.

ಮಂಜು ಅವತ್ತು ಹಾಲಿನಷ್ಟು ದಟ್ಟ. ತಿರುವು ಬಂದಲ್ಲಿ ಒತ್ತಿದ, ಚೈನು ಏರಿತು. ಕಡಿದಾದಲ್ಲಿ ಮತ್ತೆ ಒತ್ತಿದ. ಇವತ್ತು ಗುಡ್ಡ ತಲೆ ಬಗ್ಗಿಸಿದೆ ಎಂದು ಅವನಿಗೆ ಅನ್ನಿಸಲಿಲ್ಲ. ಗುಡ್ಡ ಇದ್ದಷ್ಟೇ ಇತ್ತು. ತಾನು ಇನ್ನಷ್ಟು ಸಲ ಪೆಡಲ್ ತಿರುಗಿಸುತ್ತಿದ್ದ, ಅಷ್ಟೇ. ಇಷ್ಟು ದಿನ ಇದು ಕಾಲಿಗೆ ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ.

ಬೆನ್ನಿಗೆ ಗಡಿಗೆ ಸುಡುತ್ತಿತ್ತು.

ನೀಲವ್ವ ಮಲಗಿದ್ದಳು. ಮಳಿಯಪ್ಪ ಸೈಕಲ್ ಬಿಟ್ಟು ಓಡಿದ. ಹತ್ತಿರ ಹೋದರೆ ಕಣ್ಣು ತೆರೆದೇ ಇದ್ದವು. ಅವನು ಆಕೆಯನ್ನು ಎಬ್ಬಿಸಿ ಕೂರಿಸಿ ಗಡಿಗೆಯನ್ನು ಕೈಗಿಟ್ಟ. ಹಿಡಿಯಲು ಬಲವಿರಲಿಲ್ಲ. ಆಕೆಯ ಕೈಗಳ ಹೊರಗೆ ತನ್ನ ಕೈಗಳನ್ನು ಇಟ್ಟು ಹಿಡಿದ.

ಆಕೆ ಕಣ್ಣು ಮುಚ್ಚಿದಳು. ಬಹಳ ಹೊತ್ತು ಮುಚ್ಚಿದ್ದಳು.

"ಬಂತು," ಎಂದಳು.

ಗುಟುಕು ಗುಟುಕಾಗಿ ಕುಡಿದಳು. ಮೂಗಿನ ತುದಿಯಲ್ಲಿ ಬೆವರು ಮೂಡಿತು. ಮಂಜು ಸರಿದು ಕೆಳಗೆ ಹೊಳೆ ಕಂಡಿತು, ಹೊಳೆಯ ಪಕ್ಕ ಮಠದ ಹೊಗೆ, ದಾರದ ಹಾಗೆ.

"ತಮ್ಮಾ, ಚಲೋ ರಿಪೇರಿ ಮಾಡೀದಿ," ಎಂದಳು ನೀಲವ್ವ. "ನಾಳೆನೂ ನಡೀತೈತೇನದು?"

"ನಡೀತೈತ್ರೀ ಆಯಿ."

"ನಾಡದು?"

ಮಳಿಯಪ್ಪ ಹೌದು ಎನ್ನಲು ಬಾಯಿ ತೆರೆದ.  ಕೇಬಲ್ ಒಂದು ದಿನ ಹರಿಯುತ್ತದೆ. ಟೈರು ಸವೆಯುತ್ತದೆ. ಕಾಲು ಉಳುಕುತ್ತದೆ. ಆಕೆಯ ಬೆರಳುಗಳು ಇನ್ನೂ ಅವನ ಅಂಗೈಯೊಳಗೇ ನಡುಗುತ್ತಿದ್ದವು.

"ಗೊತ್ತಿಲ್ರೀ," ಎಂದ.

ನೀಲವ್ವ ನಕ್ಕು ಗಡಿಗೆ ವಾಪಸ್ ಕೊಟ್ಟಳು. "ಇಷ್ಟು ವರ್ಷದಾಗ ಇದೊಂದು ಮಾತು ನಿನ್ನ ಸ್ವಂತದ್ದು ಆಡಿದಿ ನೋಡು."

ಅವನು ಇಳಿದು ಬಂದ. ಬ್ರೇಕ್ ಹಿಡಿದು ಮೆಲ್ಲಗೆ ಬಂದ. ಎಂದೂ ಇಳಿಯುವಾಗ ಅವನು ಹಿಂದೆ ತಿರುಗಿ ನೋಡಿದವನಲ್ಲ. ಅವತ್ತು ಪ್ರತಿ ತಿರುವಿನಲ್ಲೂ ನಿಂತು ನೋಡಿದ. ಮೇಲೆ ಬಂಡೆ. ಕೆಳಗೆ ಹೊಗೆ. ನಡುವೆ ಖಾಲಿ ದಾರಿ. ಒಂದು ಕಾಲದಲ್ಲಿ ಅಷ್ಟು ಜನ ಸಾಲಾಗಿ ನಿಂತಿದ್ದ ದಾರಿ. ಅವರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಕ್ಕಿಲ್ಲ. ಗಡಿಗೆ ಕೈಗೆ ಬಂತು, ಕಣ್ಣಿಗೊತ್ತಿಕೊಂಡರು, ಮುಂದಿನವರಿಗೆ ದಾಟಿಸಿದರು.

ಅಜ್ಜಾರು ಒಲೆಯ ಮುಂದೆ ಕೂತು ತಮ್ಮ ತಾಟಿಗೆ ಅಂಬಲಿ ಬಡಿಸಿಕೊಳ್ಳುತ್ತಿದ್ದರು. ಮಳಿಯಪ್ಪ ಬಂದು ನಿಂತ. ಪಾದಕ್ಕೆ ಬಗ್ಗಲಿಲ್ಲ.

ಅಜ್ಜಾರು ತಲೆ ಎತ್ತಿ ನೋಡಿದರು.

"ಉಂಡ್ರೇನು?"

"ಉಂಡ್ರು. ಅಜ್ಜಾರ, ಒಂದು ಮಾತು ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಾದ್ರ?"

 "ಆದ್ರ ಆಗ್ರಿ. ಕೇಳೂದಂತೂ ಕೇಳ್ತೇನಿ."

ಅಜ್ಜಾರು ಸೌಟನ್ನು ಕೆಳಗಿಟ್ಟರು.

"ಹಸಿವು ಗುಡ್ಡದ ಮ್ಯಾಲೈತಿ. ಒಲಿ ಯಾಕ ಕೆಳಗೈತಿ?"

ಹೊಳೆ ಒಂದು ಕ್ಷಣ ಹರಿಯುವುದನ್ನು ನಿಲ್ಲಿಸಿತು. ಇದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. 

"ಒಲಿ ಕದಲಸಬಾರದು ಅಂತ ನಿಮಗ ಯಾರು ಹೇಳ್ಯಾರ್ರೀ?" ಮಳಿಯಪ್ಪನ ದನಿ ಏರಿತ್ತು. "ಆಯಿ ಹೇಳ್ಯಾರೇನು?"

"ಇಲ್ಲ."

"ನಿಮ್ಮ ಗುರುಗಳು?"

"ಆಕಿನ ನನ್ನ ಗುರು."

"ಮತ್ತ?"

"ಯಾರೂ ಹೇಳಿಲ್ಲೋ," ಎಂದರು ಅಜ್ಜಾರು. "ನಾನು ಯಾರನ್ನೂ ಕೇಳಲೂ ಇಲ್ಲ. ಆ ಸಾಲಿನ್ಯಾಗ ಎಲ್ಲಾರಕ್ಕಿಂತ ಮ್ಯಾಲೆ ನಿಂತಾವ ನಾನ ಇದ್ನಿ. ಆಕಿ ಕೈಗೆ ಗಡಗಿ ಕೊಟ್ಟಾವ ನಾನ. ಕೊಟ್ಟು ಕೈ ಮುಗಿದೆ. ಮುಗಿದ ಕೈ ಬಿಡಸಲೇ ಇಲ್ಲ."

ಅವರು ತಾಟನ್ನು ಪಕ್ಕಕ್ಕೆ ಸರಿಸಿ ಎದ್ದರು. ಒಲೆಯ ಸುತ್ತ ಒಮ್ಮೆ ನಡೆದರು, ಮೊದಲ ಸಲ ನೋಡುವವರ ಹಾಗೆ. ಬಗ್ಗಿ ಒಂದು ಕಲ್ಲನ್ನು ಕೈಯಿಂದ ಅಲುಗಾಡಿಸಿದರು. ಅದು ಸುಲಭವಾಗಿ ಅಲುಗಿತು. ಇಷ್ಟು ವರ್ಷ ಅದು ನೆಲದಲ್ಲಿ ಹೂತಿರಲೇ ಇಲ್ಲ.

ಆಮೇಲೆ ಕಡ್ಡಿಯಿಂದ ಬೂದಿ ಸರಿಸಿದರು. ಕೆಂಡ ಕಣ್ಣು ಬಿಟ್ಟಿತು.

ಅಜ್ಜಾರು ತಿರುಗಿ ಶಿಷ್ಯನ ಮುಖ ನೋಡಿದರು.

"ನನಗ ತಿಳಿವಲ್ದು, ನೀನ ಹೇಳು ಮಳಿಯಪ್ಪಾ. ಇದನ್ನ ಯಾವುದರಾಗ ಒಯ್ಯೂಣು?"

ಅಂದಹಾಗೆ, ನನ್ನ ಚಹಾದ ದುಡ್ಡೂ ಸೇರಿಸಿ ನೀವೇ ಕೊಟ್ಟುಬಿಡಿ.